ಎರಡು ಲಾರಿಗಳ ನಡುವಿನ ಹೊತ್ತು

ಪ್ರೊಫೆಸರರು ಝಾಂಬಿಯಾದಲ್ಲಿ ಗಣಿತ ಕಲಿಸಿದ್ದು ಇಪ್ಪತ್ತಾರು ವರ್ಷವೋ ಇಪ್ಪತ್ತೆಂಟು ವರ್ಷವೋ, ನನಗೆ ಖಚಿತವಿಲ್ಲ. ಇಪ್ಪತ್ತಾರು ಎಂದು ಅವರೇ ಹೇಳಿದ ನೆನಪು. ಅವರ ಅಕ್ಕ ಇಪ್ಪತ್ತೆಂಟು ಎನ್ನುತ್ತಿದ್ದರು. ಆಕೆ ತಮ್ಮನಿಲ್ಲದ ದೀಪಾವಳಿಗಳನ್ನು ಎಣಿಸಿಟ್ಟಿದ್ದರು. ಈಗ ಇಬ್ಬರೂ ಇಲ್ಲ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ, ಆದ್ದರಿಂದ ಎರಡನ್ನೂ ಬರೆದಿದ್ದೇನೆ.

ಅವರ ಬಗ್ಗೆ ಬರೆಯಬೇಕೆಂದು ಹಿಂದೆಯೂ ಎರಡು ಸಲ ಕೂತಿದ್ದೆ. ಎರಡು ಸಲವೂ ಮೂರನೇ ಪುಟಕ್ಕೆ ಬರುವಷ್ಟರಲ್ಲಿ ಪ್ರೊಫೆಸರರು ಸಂತರಾಗಿಬಿಟ್ಟರು. ಹರಿದುಹಾಕಿದೆ. ಅವರು ಸಂತರಲ್ಲ. ಚಹಾ ಆರಿದ್ದರೆ ಸಿಡುಕುತ್ತಿದ್ದರು, ಎದುರಿನವರು ಮಾತು ಮುಗಿಸುವ ಮೊದಲೇ ಉತ್ತರ ಕೊಡುತ್ತಿದ್ದರು, ಯಾರ ಮನೆಯ ಮದುವೆಗೂ ಹೋಗುತ್ತಿರಲಿಲ್ಲ. ಈ ಸಲ ಒಂದೇ ಸಂಗತಿ ಬರೆಯುತ್ತೇನೆ. ಹೆದ್ದಾರಿ ಪಕ್ಕದ ಒಂದು ಶಾಲೆಯ ಮಕ್ಕಳು ಜೀವಭಯವಿಲ್ಲದೆ ರಸ್ತೆ ದಾಟಲಿ ಎಂದು ಅವರು ಅದಿರು ಲಾರಿಗಳ ಲೆಕ್ಕ ಹಿಡಿದದ್ದು, ಆ ಲೆಕ್ಕವನ್ನು ನಾನು ಕೆಡಿಸಿದ್ದು.

ಆಗ ಗಣಿಯ ಕಾಲ. ಸಂಡೂರಿನ ಗುಡ್ಡಗಳಿಂದ ಹೊರಟ ಲಾರಿಗಳು ಹಗಲೂ ರಾತ್ರಿ ಹೊಸಪೇಟೆಯ ಸುತ್ತ ಓಡುತ್ತಿದ್ದವು. ಕಾಲುವೆ ಬದಿಯ ಬಾಳೆ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಬೆಳಿಗ್ಗೆ ಒಗೆದು ಹಾಕಿದ ಧೋತರ ಮಧ್ಯಾಹ್ನಕ್ಕೆ ಕೆಂಪು. ನಾನು ಧಾರವಾಡದಲ್ಲಿ ಗಣಿತದ ಎಂ.ಎಸ್ಸಿ. ಮುಗಿಸಿ, ಸಂಶೋಧನೆಗೆಂದು ಸೇರಿಕೊಂಡು ಎರಡು ವರ್ಷಕ್ಕೆ ಬಿಟ್ಟು ಬಂದು, ಹೊಸಪೇಟೆಯ ಒಂದು ಕಾಲೇಜಿನಲ್ಲಿ ಪಾರ್ಟ್ ಟೈಮ್ ಪಾಠ ಮಾಡುತ್ತಿದ್ದೆ. ಮೂವತ್ತು ದಾಟಿತ್ತು. ಎಲ್ಲಿಯೂ ನಿಲ್ಲುವವನಲ್ಲ ಎಂದು ಮನೆಯಲ್ಲಿ ಹೆಸರಾಗಿತ್ತು. ನನ್ನ ತರಗತಿಯಲ್ಲಿ ನಪಾಸಾದವರು ಟಿಪ್ಪರ್‌ಗಳ ಧಣಿಗಳಾಗಿ, ಬಸ್ ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಕಾರು ನಿಲ್ಲಿಸಿ, ಎಲ್ಲಿಗೆ ಬಿಡಲಿ ಸಾರ್ ಎಂದು ಕೇಳುತ್ತಿದ್ದರು. ನಾನು ಹತ್ತುತ್ತಿದ್ದೆ.

ಪ್ರೊಫೆಸರರು ಚಿತ್ತವಾಡ್ಗಿಯಲ್ಲಿ ಅಕ್ಕನ ಮನೆಯಲ್ಲಿದ್ದರು. ಎಪ್ಪತ್ತರ ಆಸುಪಾಸು. ಮದುವೆಯಾಗಿರಲಿಲ್ಲ. ಅಕ್ಕ ಗಂಡನನ್ನು ಕಳೆದುಕೊಂಡವರು, ಏಕಾದಶಿ ಬಿಡದ ವೈಷ್ಣವ ಮನೆಯಾಕೆ. ತಮ್ಮನೋ, ಏಕಾದಶಿಯ ದಿನವೇ ಹೊರಗೆ ಹೋಗಿ ಮಂಡಕ್ಕಿ ಒಗ್ಗರಣಿ, ಮಿರ್ಚಿ ಬಜ್ಜಿ ತಿಂದು, ಬಾಯಿ ತೊಳೆದುಕೊಂಡು ಬರುವವರು. ಆಕೆಗೆ ವಾಸನೆ ಗೊತ್ತಾಗುತ್ತಿತ್ತು, ಹೇಳುತ್ತಿರಲಿಲ್ಲ. ಒಂದು ಪುಸ್ತಕ ಎರವಲು ಕೇಳಲು ಅವರ ಮನೆಗೆ ಹೋದವನು ನಾನು, ಆಮೇಲೆ ಮೂರು ವರ್ಷ ವಾರಕ್ಕೆ ನಾಲ್ಕು ಸಂಜೆ ಹೋದೆ. ಆ ಪುಸ್ತಕ ಓದಲೇ ಇಲ್ಲ.

ಅವರು ಹುಟ್ಟಿದ್ದು ಕಂಪ್ಲಿಯಲ್ಲಿ. ಡ್ಯಾಮಿನಿಂದ ನೀರು ಬಿಟ್ಟಾಗ ಹೊಳೆಯ ಸೇತುವೆ ಮುಳುಗುವ ಊರು ಅದು. ಅಲ್ಲಿಯ ಶಾಲೆಯಲ್ಲಿ ಒಂದು ವರ್ಷ ಮೇಷ್ಟ್ರಾಗಿದ್ದು, ಪತ್ರಿಕೆಯಲ್ಲಿ ಜಾಹೀರಾತು ನೋಡಿ ಅರ್ಜಿ ಹಾಕಿ ಆಫ್ರಿಕಾಕ್ಕೆ ಹೋದರು. ಝಾಂಬಿಯಾದಲ್ಲಿ ಅವರಿದ್ದದ್ದು ತಾಮ್ರದ ಗಣಿಗಳಿದ್ದ ಕಡೆ. ಮೊದಲು ಶಾಲೆಯಲ್ಲಿ, ಆಮೇಲೆ ವಿಶ್ವವಿದ್ಯಾಲಯದಲ್ಲಿ ಕಲಿಸಿದರು. ಅವರ ವಿಷಯ ಸರತಿ ಸಾಲು. ಜನ ಯಾವ ಲೆಕ್ಕದಲ್ಲಿ ಬಂದು ನಿಲ್ಲುತ್ತಾರೆ, ಎಷ್ಟು ಹೊತ್ತು ಕಾಯುತ್ತಾರೆ, ಸಾಲು ಯಾವಾಗ ಕರಗುತ್ತದೆ, ಯಾವಾಗ ಕರಗುವುದೇ ಇಲ್ಲ. ಪಾಳಿ ಮುಗಿದ ಗಣಿ ಕಾರ್ಮಿಕರು ಭೂಮಿಯ ಅಡಿಯಲ್ಲಿ ಲಿಫ್ಟಿಗಾಗಿ ಕಾಯುವ ಹೊತ್ತಿನ ಬಗ್ಗೆ ಅವರು ಬರೆದ ಲೇಖನದಿಂದಲೇ ಪ್ರೊಫೆಸರ್ ಆದದ್ದಂತೆ. ಆ ಲೇಖನ ನಾನು ಓದಿದ್ದೇನೆ. ಓದಿದ್ದೇನೆ ಎಂದುಕೊಂಡಿದ್ದೇನೆ, ಅವರು ಹೇಳಿದ್ದನ್ನೇ ಓದಿದಂತೆ ನೆನಪಿಟ್ಟಿರಲೂಬಹುದು.

ಕೆಲವು ಭಾನುವಾರ ಬಸ್ಸು ಹತ್ತಿ ಇಬ್ಬರೂ ಹಂಪಿಗೆ ಹೋಗುತ್ತಿದ್ದೆವು. ಕಲ್ಲಿನ ಕಡೆ ಅವರು ತಲೆ ಎತ್ತುತ್ತಿರಲಿಲ್ಲ. ಹೊಳೆ ದಾಟಲು ದೋಣಿಗೆ ಕಾಯುವವರ ಪಕ್ಕದಲ್ಲಿ ಒಂದು ಬಂಡೆಯ ಮೇಲೆ ಕೂತು ಆ ಸಾಲನ್ನೇ ನೋಡುತ್ತಿದ್ದರು. ದೋಣಿಯವನು ತುಂಬುವವರೆಗೆ ಹೊರಡುವುದಿಲ್ಲ, ಅದಕ್ಕೇ ಮೊದಲು ಬಂದವನಿಗೆ ಹೆಚ್ಚು ಕಾಯುವ ಶಿಕ್ಷೆ ಎಂದು ಒಮ್ಮೆ ಬಹಳ ಸಂತೋಷದಿಂದ ಹೇಳಿದ್ದರು. ನನಗೆ ಬಿಸಿಲು ಹತ್ತಿ ತಲೆನೋವು ಬಂದಿತ್ತು.

ಶಾಲೆಯ ಹೆಡ್‌ಮೇಡಂ ಒಂದು ಸಂಜೆ ಮನೆಗೆ ಬಂದರು. ಕಂಪ್ಲಿಯಲ್ಲಿ ಪ್ರೊಫೆಸರರು ಮೇಷ್ಟ್ರಾಗಿದ್ದ ಒಂದು ವರ್ಷದ ವಿದ್ಯಾರ್ಥಿನಿ, ಈಗ ತಾವೇ ನಿವೃತ್ತಿಗೆ ಹತ್ತಿರ. ಅವರ ಶಾಲೆ ಪಾಪಿನಾಯಕನಹಳ್ಳಿ ಕಡೆಗೆ ಹೋಗುವ ಹೆದ್ದಾರಿಯ ಬದಿಯಲ್ಲಿ. ಅರ್ಧಕ್ಕಿಂತ ಹೆಚ್ಚು ಮಕ್ಕಳ ಮನೆಗಳು ರಸ್ತೆಯ ಆಚೆ. ಹಿಂದಿನ ವಾರ ಎರಡನೇ ಕ್ಲಾಸಿನ ಹುಡುಗಿಯ ಚೀಲ ಲಾರಿಯ ಕೊಂಡಿಗೆ ಸಿಕ್ಕಿ ಅವಳನ್ನು ನಾಲ್ಕು ಮಾರು ಎಳೆದೊಯ್ದಿತ್ತು. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. ಹೆಡ್‌ಮೇಡಂ ಅದನ್ನು ಹೇಳುವಾಗ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದರು. ತಾಲ್ಲೂಕು ಕಚೇರಿಯ ಅಧಿಕಾರಿ, ಲಾರಿ ಹೆಚ್ಚು ಎನ್ನುವುದು ಎಲ್ಲರಿಗೂ ಗೊತ್ತಿದೆ, ಬಾಯಿಮಾತಿಗೆ ಏನೂ ಮಾಡಲಾಗುವುದಿಲ್ಲ, ಹತ್ತು ದಿನದ ಲೆಕ್ಕ ಬರೆದು ತನ್ನಿ ಎಂದು ಕಳಿಸಿದ್ದರಂತೆ.

"ಲಾರಿ ಎಷ್ಟು ಅನ್ನೋದು ಬ್ಯಾಡವಾ," ಎಂದರು ಪ್ರೊಫೆಸರರು. "ಎರಡು ಲಾರಿ ನಡುವ ಎಷ್ಟು ಹೊತ್ತು ಅದ ಅನ್ನೋದು ಬೇಕು. ನಿನ್ನ ಮಕ್ಕಳು ಲಾರಿ ದಾಟಂಗಿಲ್ಲ, ಆ ಹೊತ್ತಿನಾಗ ದಾಟ್ತಾವು."

ಒಳಗಿನಿಂದ ಅಕ್ಕನ ದನಿ ಬಂತು. "ಇಷ್ಟು ವರ್ಷ ಪರದೇಶದಾಗ ಲೆಕ್ಕ ಹೇಳಿ ಬಂದಾನ. ಈಗ ರಸ್ತೆ ಮ್ಯಾಲ ಕೂತು ಲಾರಿ ಎಣಸ್ತಾನಂತ."

ಮೊದಲ ದಿನ ಶಾಲೆಯ ಅಂಗಳದಲ್ಲಿ ರಸ್ತೆಯಷ್ಟೇ ಅಗಲಕ್ಕೆ ಸುಣ್ಣದ ಎರಡು ಗೆರೆ ಹಾಕಿಸಿದರು. ಒಂದನೇ ಕ್ಲಾಸಿನ ಎಲ್ಲರಿಗಿಂತ ಸಣ್ಣ ಹುಡುಗಿಯನ್ನು ಕರೆದು ದಾಟು ಎಂದರು. ಅವಳು ಓಟದ ಪಂದ್ಯ ಎಂದುಕೊಂಡು ಬಾಣದ ಹಾಗೆ ಓಡಿದಳು, ಎಲ್ಲರೂ ಚಪ್ಪಾಳೆ ಹೊಡೆದರು. "ಓಡಬ್ಯಾಡವಾ. ನಿಮ್ಮವ್ವ ಕರೆದಾಗ ಮನಿಗೆ ಹೋಗ್ತೀಯಲ್ಲ, ಹಂಗ ಹೋಗು" ಎಂದರು. ಆಗ ಅವಳು ನಡುವೆ ಎರಡು ಸಲ ನಿಂತು ಹಿಂದೆ ನೋಡಿ ದಾಟಿದಳು. ಹದಿನೆಂಟು ಸೆಕೆಂಡು. ಪ್ರೊಫೆಸರರು ಇಪ್ಪತ್ತೈದು ಎಂದು ಬರೆದುಕೊಂಡರು. ಭಯಕ್ಕೆ ಏಳು ಸೆಕೆಂಡು ಎಂದರು.

ಶಾಲೆಯ ಎದುರಿನ ಚಹಾದಂಗಡಿಯ ಬೆಂಚು ನಮ್ಮ ಜಾಗ. ಬೆಳಿಗ್ಗೆ ಒಂಬತ್ತರಿಂದ ಹತ್ತು, ಮಕ್ಕಳು ಬರುವ ಹೊತ್ತು. ರಸ್ತೆಯಾಚೆಯ ಬೇವಿನ ಮರವನ್ನು ಲಾರಿಯ ಮುಂದಿನ ಗಾಲಿ ದಾಟಿದ ಕ್ಷಣವನ್ನು ಸೆಕೆಂಡಿನ ಸಮೇತ ಬರೆಯಬೇಕು. ಖಾಲಿ ಲಾರಿಗಳು ಆಗ ಬೇರೆ ದಾರಿಯಿಂದ ಗುಡ್ಡಕ್ಕೆ ಮರಳುತ್ತಿದ್ದವು, ಹಾಗಾಗಿ ಇಲ್ಲಿ ಅದಿರು ತುಂಬಿದವೇ ಒಂದು ದಿಕ್ಕಿಗೆ ಹೋಗುತ್ತಿದ್ದವು. ಅಂಗಡಿಯವನು ಪ್ರೊಫೆಸರರನ್ನು ಫಾರಿನ್ ಸ್ವಾಮಿ ಎನ್ನುತ್ತಿದ್ದ.

"ಎಣಿಸಿದ್ರ ಕಮ್ಮಿ ಆಗ್ತಾವೇನ್ರಿ ಸ್ವಾಮಿ?" ಎಂದು ಎರಡನೇ ದಿನ ಕೇಳಿದ.

"ಇಷ್ಟು ದಿನ ಯಾರೂ ಎಣಿಸಲಿಲ್ಲ. ಆಗ ಕಮ್ಮಿ ಆಗಿದ್ದವೇನು?"

ಅವನು ನಕ್ಕು ಚಹಾ ಕೊಟ್ಟ. ಚಹಾದ ಮೇಲೆ ಧೂಳಿನ ಪದರ ಕಟ್ಟುವ ಮೊದಲೇ ಕುಡಿಯಬೇಕಿತ್ತು.

ನಾಲ್ಕು ದಿನ ಅವರೂ ನನ್ನ ಜೊತೆ ಕೂತರು. ಐದನೇ ದಿನ ಕೆಮ್ಮು ಹತ್ತಿ ಮಾತಾಡುವುದೂ ಕಷ್ಟವಾಯಿತು. ಅಕ್ಕ ಬಾಗಿಲಲ್ಲಿ ನಿಂತು ಅವರನ್ನು ಹೊರಗೆ ಬಿಡಲಿಲ್ಲ. ಇನ್ನುಳಿದ ಆರು ದಿನ ನೀವು ಬರೆಯಿರಿ ಎಂದು ಪ್ರೊಫೆಸರರು ನನಗೆ ನೋಟ್‌ಬುಕ್ಕು ಕೊಟ್ಟರು. ಮೂರು ದಿನ ನಾನು ಸರಿಯಾಗಿಯೇ ಬರೆದೆ. ಅದರ ಮರುದಿನ ಸಂಡೂರಿಗೆ ಹೋದೆ.

ಒಂದು ಗಣಿ ಕಚೇರಿಯಲ್ಲಿ ಕೆಲಸ ಖಾಲಿಯಿದೆ, ಬಂದು ಕಾಣಿ ಎಂದು ಹಳೆಯ ವಿದ್ಯಾರ್ಥಿಯೊಬ್ಬ ಹೇಳಿಕಳಿಸಿದ್ದ. ಯಾವ ಲಾರಿಗಳ ವಿರುದ್ಧ ಬೆಳಿಗ್ಗೆ ಬರೆಯುತ್ತಿದ್ದೆನೋ ಅವನ್ನು ಕಳಿಸುವವರ ಬಾಗಿಲಿಗೆ ಹೋಗುತ್ತಿದ್ದೇನೆ ಎಂದು ನನಗೆ ಆಗ ಅನ್ನಿಸಿತೇ? ಅನ್ನಿಸಿತು ಎಂದು ಬರೆದರೆ ಚೆನ್ನಾಗಿರುತ್ತದೆ. ನೆನಪಿರುವುದು ಇಷ್ಟೇ: ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡಿದ್ದೆ, ಅಲ್ಲಿ ತಲುಪುವಷ್ಟರಲ್ಲಿ ಅದು ಬಿಳಿಯಾಗಿರಲಿಲ್ಲ. ಕಚೇರಿಯವರು ಎರಡು ತಾಸು ಕೂರಿಸಿ, ನಾಳೆ ಬನ್ನಿ ಎಂದರು. ನಾಳೆ ಹೋದರೆ ಇನ್ನೊಂದು ನಾಳೆ. ಮೂರನೇ ದಿನವೂ ಹೋದೆನೋ, ಅಥವಾ ಬೇಸತ್ತು ಮನೆಯಲ್ಲೇ ಮಲಗಿದ್ದೆನೋ, ಎಷ್ಟು ಕೆದಕಿದರೂ ಹೊಳೆಯುವುದಿಲ್ಲ. ಚಹಾದಂಗಡಿಯ ಬೆಂಚಿನ ಮೇಲಂತೂ ಮೂರು ದಿನವೂ ಕೂರಲಿಲ್ಲ.

ಮೊದಲ ದಿನ ಸಂಡೂರಿನಿಂದ ಮರಳುವ ಬಸ್ಸಿನಲ್ಲಿ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಆ ದಿನದ ಪುಟ ತುಂಬಿಸಿದೆ. ಕಷ್ಟವಾಗಲಿಲ್ಲ. ಏಳು ದಿನ ನೋಡಿದ್ದೆ, ಒಂದು ತಾಸಿಗೆ ಸುಮಾರು ಎಷ್ಟು ಎಂದು ಗೊತ್ತಿತ್ತು. ಇಪ್ಪತ್ತು ಸೆಕೆಂಡಿಗೆ ಒಂದು, ಆಮೇಲೆ ಹದಿನೇಳು, ಇಪ್ಪತ್ತೆರಡು, ಹದಿನೆಂಟು. ಇಪ್ಪತ್ತೈದನ್ನು ದಾಟದ ಹಾಗೆ ನೋಡಿಕೊಂಡೆ. ಮಕ್ಕಳಿಗೆ ಅನುಕೂಲವಾಗಲಿ ಎಂದೇ ಹಾಗೆ ಮಾಡಿದೆ. ಇಡೀ ತಾಸಿನಲ್ಲಿ ಒಂದು ಮಗುವೂ ದಾಟಲಾಗದು ಎಂದು ಕಾಗದ ಹೇಳಿದರೆ ಯಾವ ಅಧಿಕಾರಿ ಸುಮ್ಮನಿರುತ್ತಾನೆ? ಎಂ.ಎಸ್ಸಿ. ಓದಿದವನು ನಾನು. ಸಂಖ್ಯೆಗಳು ಒಂದೇ ಥರ ಕಾಣಬಾರದೆಂದು ಅಲ್ಲಲ್ಲಿ ಹೆಚ್ಚು ಕಡಿಮೆ ಮಾಡುವಷ್ಟು ಬುದ್ಧಿ ಉಪಯೋಗಿಸಿದ್ದೆ. ಉಳಿದೆರಡು ಪುಟಗಳೂ ಹಾಗೆಯೇ ತುಂಬಿದವು.

ನೋಟ್‌ಬುಕ್ಕು ಕೊಟ್ಟ ಸಂಜೆ ಪ್ರೊಫೆಸರರು ಕಟ್ಟೆಯ ಮೇಲೆ ಕೂತು ಒಂದೊಂದೇ ಪುಟ ತಿರುವಿದರು. ನಾನು ಎದುರಿಗೆ ಕೂತಿದ್ದೆ. ಏಳು ದಿನದ ಪುಟಗಳನ್ನು ಬೇಗ ದಾಟಿದರು. ಎಂಟನೆಯದರಲ್ಲಿ ನಿಂತರು, ಒಂಬತ್ತು ಹತ್ತು ನೋಡಿ ಮತ್ತೆ ಎಂಟಕ್ಕೆ ಬಂದರು.

"ಈ ಮೂರು ದಿನ ಲಾರಿಯವರು ಭಾಳ ಶಿಸ್ತಿನಿಂದ ಬಂದಾರಲ್ಲರಿ," ಎಂದರು.

ಆ ದಿನಗಳಲ್ಲಿ ರಸ್ತೆ ಸಲೀಸಾಗಿತ್ತು ಎಂಬರ್ಥದ ಏನೋ ಒಂದು ಹೇಳಿದೆ.

"ಏಳು ದಿನ ಗುಂಪು ಗುಂಪಾಗಿ ಬಂದವು. ಎಂಟು ಹತ್ತು ಲಾರಿ ಬಾಲಕ್ಕ ಬಾಲ ಹಚ್ಚಿಕೊಂಡು, ಆಮ್ಯಾಲ ಎರಡು ಮೂರು ನಿಮಿಷ ರಸ್ತಾ ಖಾಲಿ. ಈ ಮೂರು ದಿನ ಒಂದ್ಸಲನೂ ಎರಡು ಲಾರಿ ಜೋಡಿ ಬರಲಿಲ್ಲ. ಒಂದ್ಸಲನೂ ರಸ್ತಾ ಖಾಲಿ ಇರಲಿಲ್ಲ." ಕನ್ನಡಕ ತೆಗೆದು ಒರೆಸಿದರು. "ನೀವು ಲಾರಿ ನೋಡಿ ಬರೀಲಿಲ್ಲ. ತಲ್ಯಾಗಿಂದ ಲಾರಿ ಬಿಟ್ಟೀರಿ. ತಲ್ಯಾಗಿಂದ ಬಿಟ್ಟರ ಅವು ಹಿಂಗ ಬರ್ತಾವ, ಒಂದರ ಹಿಂದ ಒಂದು, ಸಾಲಿ ಹುಡುಗರು ಪ್ರಾರ್ಥನಾಕ್ಕ ನಿಂತಂಗ."

ಸಿಟ್ಟಿನಿಂದ ಹೇಳಿದ್ದರೆ ಸುಲಭವಿತ್ತು. ಅವರ ದನಿಯಲ್ಲಿ ಆಯಾಸವಿತ್ತು, ಪರೀಕ್ಷೆಯ ನಲವತ್ತನೇ ಪೇಪರು ತಿದ್ದುವವನ ಆಯಾಸ. ಸಂಡೂರಿನ ವಿಷಯ ಹೇಳಿದೆ. ಮಕ್ಕಳ ಒಳ್ಳೆಯದಕ್ಕೇ ಹಾಗೆ ಬರೆದೆ ಎಂದೂ ಹೇಳಿದೆ. ಆ ಎರಡನೆಯದನ್ನು ಹೇಳಬಾರದಿತ್ತು.

ಆಮೇಲೆ ಅವರು ಹೇಳಿದ ಮಾತಿನ ಬಗ್ಗೆ ನನಗೆ ಇವತ್ತಿಗೂ ಅನುಮಾನವಿದೆ. "ನಾನೂ ಮಾಡೀನಿ" ಎಂದರು. ಲಿಫ್ಟಿಗೆ ಕಾಯುವವರ ಆ ಲೇಖನದಲ್ಲಿ ಒಂದು ವಾರದ ಅಂಕಿಗಳು ತಮ್ಮ ಸೂತ್ರಕ್ಕೆ ಹೊಂದಲಿಲ್ಲ, ಆ ವಾರ ಯಂತ್ರ ಕೆಟ್ಟಿತ್ತು ಎಂದು ಬರೆದು ಬಿಟ್ಟುಬಿಟ್ಟೆ, ಯಂತ್ರ ಕೆಟ್ಟಿರಲಿಲ್ಲ ಎಂದರು. ಗಣಿಯವರು ಆ ಲೇಖನ ನೋಡಿ ಪಾಳಿಯ ಹೊತ್ತು ಬದಲಿಸಿದರು, ಕೆಳಗಿದ್ದವರು ಮೊದಲಿಗಿಂತ ಹೆಚ್ಚು ಕಾದರು, ತಮಗೆ ಮಾತ್ರ ಪ್ರೊಫೆಸರ್ ಹುದ್ದೆ ಬಂತು ಎಂದರು. ಹೀಗೆಯೇ ಅಂದರೇ? ನನ್ನನ್ನು ಸಮಾಧಾನ ಮಾಡಲು ಅಂದರೇ? ಅಥವಾ, ಇದು ಹೆಚ್ಚು ಸಾಧ್ಯ, ಅವರು ಸಣ್ಣದಾಗಿ ಏನೋ ಅಂದದ್ದನ್ನು ನಾನು ಇಷ್ಟು ವರ್ಷ ಬೆಳೆಸಿಕೊಂಡು ಬಂದೆನೇ, ಅವರನ್ನೂ ನನ್ನ ಬೆಂಚಿಗೆ ಎಳೆದು ಕೂರಿಸಿಕೊಳ್ಳಲು? ಬರೆಯದೆ ಬಿಟ್ಟರೆ ಅವರು ಮತ್ತೆ ಸಂತರಾಗುತ್ತಾರೆ. ಅನುಮಾನದ ಸಮೇತ ಬರೆದಿದ್ದೇನೆ.

ನಾನೇ ಮತ್ತೆ ಮೂರು ದಿನ ಕೂರುತ್ತೇನೆ ಎಂದೆ. ಬೇಡ ಎಂದರು. ನಂಬಿಕೆ ಹೋಯಿತು ಎನ್ನಲಿಲ್ಲ, ಎನ್ನುವ ಅಗತ್ಯವೂ ಇರಲಿಲ್ಲ. ಮರುದಿನ ಅಕ್ಕನ ಕೈ ತಪ್ಪಿಸಿ, ಮೂಗಿಗೆ ಒದ್ದೆ ಟವೆಲ್ಲು ಕಟ್ಟಿಕೊಂಡು, ಆಟೋ ಹಿಡಿದು ತಾವೇ ಹೋದರು. ಮೂರು ದಿನ. ನಾನು ಹೋಗಿ ದೂರದಲ್ಲಿ ನಿಂತಿದ್ದೆ. ಪ್ರತಿ ಗುಂಪು ಹಾದಾಗಲೂ ಅವರು ಧೂಳಿನಲ್ಲಿ ಕಾಣೆಯಾಗುತ್ತಿದ್ದರು, ಮತ್ತೆ ಕಾಣಿಸಿದಾಗ ಬರೆಯುತ್ತಲೇ ಇರುತ್ತಿದ್ದರು.

ಮೂರನೇ ದಿನ ಬೆಂಚಿನಿಂದ ನನ್ನನ್ನು ಕೈ ಮಾಡಿ ಕರೆದರು. ಕೆಮ್ಮಿನ ನಡುವೆ ಮಾತಾಡಿದರು. ಗುಂಪುಗಳ ನಡುವೆ ಹೆಚ್ಚು ಕಡಿಮೆ ಒಂದೇ ಅಂತರವಿದೆ, ಲಾರಿಗಳು ತಾವಾಗಿಯೇ ಹೀಗೆ ಗುಂಪುಗೂಡುವುದಿಲ್ಲ, ಮೇಲೆ ಎಲ್ಲೋ ಯಾರೋ ಹಿಡಿದು ಬಿಡುತ್ತಿದ್ದಾರೆ, ಹೋಗಿ ನೋಡಿ ಬನ್ನಿ ಎಂದರು. ನನ್ನ ಸುಳ್ಳು ಪುಟಗಳನ್ನು ನಿಜದ ಪುಟಗಳ ಪಕ್ಕದಲ್ಲಿಟ್ಟು ನೋಡಿದಾಗಲೇ ಗುಂಪಿನ ವಿಷಯ ಅವರಿಗೆ ಹೊಳೆದದ್ದು ಎಂದು ನಾನು ಕೆಲವರಿಗೆ ಹೇಳಿದ್ದುಂಟು. ಅದು ನನಗೆ ಅನುಕೂಲವಾದ ನೆನಪು. ಅವರು ಮೊದಲೇ ಕಂಡಿದ್ದಿರಬಹುದು.

ಗುಡ್ಡದ ಕಡೆ ಏಳೆಂಟು ಕಿಲೋಮೀಟರ್ ಮೇಲೆ ಲಾರಿಗಳ ಪರ್ಮಿಟ್ ನೋಡುವ ಗೇಟು ಇತ್ತು. ರಸ್ತೆಗೆ ಅಡ್ಡ ಒಂದು ಬಿದಿರು, ಒಂದು ತಗಡಿನ ಶೆಡ್ಡು, ಒಳಗೆ ಮೇಜಿನ ಮುಂದೆ ಒಬ್ಬ ಗುಮಾಸ್ತ. ಅವನು ಡ್ರೈವರ್‌ಗಳಿಂದ ಹತ್ತು ಹನ್ನೆರಡು ಪರ್ಮಿಟ್ ಒಟ್ಟಿಗೆ ತರಿಸಿಕೊಂಡು, ಎಲ್ಲಕ್ಕೂ ಒಮ್ಮೆಲೆ ಸೀಲು ಹೊಡೆದು, ಆಮೇಲೆ ಎದ್ದು ಹೋಗಿ ಬಿದಿರು ಎತ್ತುತ್ತಿದ್ದ. ಅಷ್ಟೂ ಲಾರಿಗಳು ಒಟ್ಟಿಗೆ ಹೊರಡುತ್ತಿದ್ದವು. ಹೀಗೇಕೆ ಎಂದು ಕೇಳಿದೆ.

"ಒಂದೊಂದು ಲಾರಿಗೂ ಎದ್ದು ಕುಂದ್ರಾಕ ಹತ್ತಿದ್ರ ನನ್ನ ಸೊಂಟ ಉಳಿತೈತೇನ್ರಿ?" ಎಂದ ಅವನು. ಸೊಂಟಕ್ಕೆ ಬೆಲ್ಟು ಕಟ್ಟಿದ್ದನ್ನು ಅಂಗಿ ಎತ್ತಿ ತೋರಿಸಿದ.

ಬಂದು ಹೇಳಿದೆ. ಅಂತಹ ನಗುವನ್ನು ಅವರ ಮುಖದಲ್ಲಿ ನಾನು ಮತ್ತೆ ನೋಡಲಿಲ್ಲ. ಲಾರಿ ನಿಲ್ಲಿಸಿ ಎಂದು ಕೇಳಿದರೆ ಯಾರೂ ನಿಲ್ಲಿಸುವುದಿಲ್ಲ. ಆದರೆ ಗೇಟಿನಲ್ಲಿ ಅವು ಹೇಗೂ ನಿಲ್ಲುತ್ತವೆ. ಶಾಲೆಗೆ ಮಕ್ಕಳು ಬರುವ ಹೊತ್ತಿಗೆ ಸರಿಯಾಗಿ ರಸ್ತೆ ಖಾಲಿಯಿರುವಂತೆ ಆ ಬಿದಿರನ್ನು ಇಪ್ಪತ್ತು ನಿಮಿಷ ತಡವಾಗಿ ಎತ್ತಿದರೆ ಸಾಕು. ಸಂಜೆ ಇನ್ನೊಮ್ಮೆ. ಹತ್ತು ದಿನದ ಲೆಕ್ಕ, ಒಂದು ಪುಟದ ಮನವಿ. ಮನವಿಯನ್ನು ಅವರು ಹೇಳಿದರು, ನಾನು ಬರೆದೆ, ಹೆಡ್‌ಮೇಡಂ ಸಹಿ ಹಾಕಿದರು. ಅಧಿಕಾರಿ ಎರಡು ಸಲ ಓದಿ, ಇಷ್ಟು ಮಾಡಿದರೆ ಸಾಕಾ ಎಂದು ಕೇಳಿದರಂತೆ. ಇನ್ನೂ ದೊಡ್ಡದನ್ನು ಕೇಳುತ್ತೇವೆ ಎಂದುಕೊಂಡಿದ್ದರೇನೋ. ವಾರದೊಳಗೆ ಗೇಟಿಗೆ ಚೀಟಿ ಹೋಯಿತು.

ಅದು ಜಾರಿಗೆ ಬಂದ ಮೊದಲ ಬೆಳಿಗ್ಗೆ ಪ್ರೊಫೆಸರರು ಹಾಸಿಗೆ ಹಿಡಿದಿದ್ದರು. ನಾನೊಬ್ಬನೇ ಹೋದೆ. ಒಂಬತ್ತೂವರೆಯ ಸುಮಾರಿಗೆ ಕೊನೆಯ ಗುಂಪು ಹಾದುಹೋಯಿತು. ಧೂಳು ಕೂತಿತು. ರಸ್ತೆಯಲ್ಲಿ ಏನೂ ಬರಲಿಲ್ಲ. ಹೆಡ್‌ಮೇಡಂ ರಸ್ತೆಯ ನಡುವೆ ಹೋಗಿ ನಿಂತು ಕೈ ಎತ್ತಿದರು, ಆಚೆ ಕಾದಿದ್ದ ಮಕ್ಕಳು ಒಬ್ಬರ ಕೈ ಒಬ್ಬರು ಹಿಡಿದು ದಾಟಿದರು. ಕೆಲವರು ದಾಟಿ ಮತ್ತೆ ವಾಪಸು ಹೋಗಿ ಇನ್ನೊಮ್ಮೆ ದಾಟಿದರು. ಚಹಾದಂಗಡಿಯವನು ಒಲೆ ಬಿಟ್ಟು ಬಂದು ನೋಡುತ್ತಿದ್ದ.

ಚಿತ್ತವಾಡ್ಗಿಗೆ ಹೋಗಿ ಇದನ್ನೆಲ್ಲ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಎಷ್ಟು ನಿಮಿಷ ಖಾಲಿ ಇತ್ತು?"

ಇಪ್ಪತ್ತು ಎನ್ನಲು ಬಾಯಿ ತೆರೆದೆ. "ನೋಡಲಿಲ್ಲ ಸರ್. ಮಕ್ಕಳನ್ನ ನೋಡಿಕೋತ ನಿಂತೆ," ಎಂದೆ.

"ಹಂಗಂದ್ರ ನಾಳೆ ನೋಡಿಕೊಂಡು ಬರ್ರಿ," ಎಂದರು.

ಮರುದಿನ ನೋಡಿಕೊಂಡು ಬಂದೆ. ಹದಿನಾರು ನಿಮಿಷ ಕೆಲವು ಸೆಕೆಂಡು. ಗೇಟಿನವನು ಇಪ್ಪತ್ತಕ್ಕೆ ಮೊದಲೇ ಬಿಡುತ್ತಿದ್ದಾನೆ, ಆದರೂ ಸಾಕು ಎಂದರು.

ಮಳೆಗಾಲ ಮುಗಿಯುವ ಮೊದಲು ಅವರು ಹೋದರು. ಶ್ವಾಸಕೋಶ ಬಹಳ ಹಿಂದೆಯೇ ಕೆಟ್ಟಿತ್ತು, ಅಲ್ಲಿಯ ಧೂಳಿಗೋ ಇಲ್ಲಿಯ ಧೂಳಿಗೋ ಹೇಳಲಾಗದು ಎಂದರು ಡಾಕ್ಟರು. ಮೂರು ಬೆಳಗಿನ ಧೂಳಿಗೆ ಯಾರೂ ಸಾಯುವುದಿಲ್ಲ ಎಂದು ನನಗೂ ಗೊತ್ತು. ಹದಿಮೂರನೇ ದಿನ ಊಟಕ್ಕೆ ಹೋಗಿದ್ದೆ. ಎಲ್ಲರೂ ಎದ್ದ ಮೇಲೆ ಅಕ್ಕ ನನ್ನನ್ನು ನಡುಮನೆಯಲ್ಲಿ ನಿಲ್ಲಿಸಿ ಕೇಳಿದರು: "ಆ ಮೂರು ದಿನ ನೀವು ಎಲ್ಲಿ ಹೋಗಿದ್ರಿ?"

"ಸಂಡೂರಿಗೆ, ಅಮ್ಮ. ಕೆಲಸ ಕೇಳಲಿಕ್ಕೆ."

"ಸಿಕ್ತೇನು?"

"ಇಲ್ಲ."

ಆಕೆ, ನಿಂತೇ ಹೋಗಬ್ಯಾಡ್ರಿ, ಕುಂದ್ರಿ ಎಂದು ಕಾಫಿ ತರಲು ಒಳಗೆ ಹೋದರು.

ಮರುವರ್ಷ ಅಧಿಕಾರಿ ವರ್ಗವಾದರು. ಸೊಂಟಕ್ಕೆ ಬೆಲ್ಟು ಕಟ್ಟಿದ್ದ ಗುಮಾಸ್ತನೂ ಹೋಗಿ ಹೊಸಬ ಬಂದ. ಅವನಿಗೆ ಹಳೆಯ ಚೀಟಿಯ ವಿಷಯ ಗೊತ್ತಿರಲಿಲ್ಲ. ಹೆಡ್‌ಮೇಡಂ ಫೋನ್ ಮಾಡಿದರು. ಹೊಸ ಅಧಿಕಾರಿ ಹೊಸ ಲೆಕ್ಕ ಕೇಳುತ್ತಿದ್ದಾರೆ, ನೀವು ಬರುತ್ತೀರಾ ಎಂದರು. ಈಗ ನಾನೊಬ್ಬನೇ. ಹತ್ತು ಬೆಳಿಗ್ಗೆ ಆ ಬೆಂಚಿನ ಮೇಲೆ ಕೂತು, ಬೇವಿನ ಮರ ದಾಟಿದ ಪ್ರತಿ ಗಾಲಿಯನ್ನೂ ಬರೆದೆ. ಹೊಸ ಗುಮಾಸ್ತನಿಗೆ ಸೊಂಟ ಗಟ್ಟಿಯಿತ್ತು. ಒಂದೊಂದನ್ನೇ ಬಿಡುತ್ತಿದ್ದ. ಈಗ ಗುಂಪುಗಳಿರಲಿಲ್ಲ, ದೊಡ್ಡ ಖಾಲಿಯೂ ಇರಲಿಲ್ಲ. ನಾನು ಬಸ್ಸಿನಲ್ಲಿ ಕೂತು ಬರೆದಿದ್ದ ಪುಟಗಳ ಹಾಗೆಯೇ ಲಾರಿಗಳು ಬಂದವು, ಸುಮಾರು ಇಪ್ಪತ್ತು ಸೆಕೆಂಡಿಗೆ ಒಂದು. ನೋಡಿದವರು ಇದನ್ನೂ ತಲೆಯಿಂದ ಬಿಟ್ಟದ್ದು ಎನ್ನುತ್ತಾರೆ ಎಂದು ಗೊತ್ತಿದ್ದೂ ಬಂದದ್ದನ್ನು ಬಂದ ಹಾಗೆ ಬರೆದೆ. ಹೆಡ್‌ಮೇಡಂ ಆ ತಿಂಗಳೆಲ್ಲ ಪ್ರತಿ ದಿನ ಕೆಂಪು ಸೀರೆಯ ಒಂದು ತುಂಡನ್ನು ಕೋಲಿಗೆ ಕಟ್ಟಿಕೊಂಡು ರಸ್ತೆಯ ನಡುವೆ ನಿಲ್ಲುತ್ತಿದ್ದರು. ಡ್ರೈವರ್‌ಗಳು ಬೈಯುತ್ತಿದ್ದರು, ನಿಲ್ಲಿಸುತ್ತಲೂ ಇದ್ದರು.

ಮನವಿಗೆ ಉತ್ತರ ಬರಲಿಲ್ಲ. ಎರಡು ಸಲ ಕಚೇರಿಗೆ ಹೋದೆ, ಫೈಲು ಮೇಲೆ ಹೋಗಿದೆ ಎಂದರು. ಕೊನೆಗೆ ಕೋರ್ಟಿನ ಆದೇಶ ಬಂದು ಗಣಿಗಳೇ ನಿಂತವು. ನಮಗೂ ಅದಕ್ಕೂ ಸಂಬಂಧವಿಲ್ಲ. ಒಂದು ವಾರ ಲಾರಿಗಳು ಕಡಿಮೆಯಾದವು, ಆಮೇಲೆ ಹೆಚ್ಚು ಕಡಿಮೆ ಇಲ್ಲವೇ ಆದವು. ಚಹಾದಂಗಡಿಯವನು ವ್ಯಾಪಾರವಿಲ್ಲದೆ ಬಾಗಿಲು ಹಾಕಿ ಹೋದ.

ಆ ದಿನಗಳಲ್ಲಿ ಒಮ್ಮೆ ಕಂಪ್ಲಿಗೆ ಹೋಗುವವನು, ಹಾದಿ ಬೇರೆಯಾದರೂ, ಬೆಳಿಗ್ಗೆ ಆ ಶಾಲೆಯ ಕಡೆ ಹೋದೆ. ರಸ್ತೆ ಎರಡೂ ಕಡೆ ಕಾಣುವಷ್ಟು ದೂರ ಖಾಲಿ. ಒಂದು ಎತ್ತಿನ ಗಾಡಿ, ಒಬ್ಬ ಸೈಕಲ್ಲಿನವನು. ಆಚೆ ಬದಿಯಲ್ಲಿ ಮಕ್ಕಳು ಕೈ ಕೈ ಹಿಡಿದು ಸಾಲಾಗಿ ನಿಂತಿದ್ದರು. ಯಾವ ಲಾರಿಯೂ ಇರಲಿಲ್ಲ, ಆದರೂ ಯಾರೂ ಕಾಲು ಮುಂದಿಡಲಿಲ್ಲ. ಹೆಡ್‌ಮೇಡಂ ಶಾಲೆಯ ಗೇಟಿನಿಂದ ನಿಧಾನವಾಗಿ ನಡೆದು ಬಂದು, ರಸ್ತೆಯ ನಡುವೆ ನಿಂತು, ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಕೈ ಎತ್ತಿದರು.